ಏರಿನಲ್ಲಿ ಎರಡನೇ ಗೇರು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ‘ಢರ್ರ್’ ಎಂಬ ಸದ್ದಿನಿಂದ ಶುರು ಮಾಡಿದ್ದೆ. ಒಬ್ಬ ಯುವಕ, ಅವನಿಗೊಂದು ಪಿಕಪ್ ಗಾಡಿ, ಬೀದಿಯೆಲ್ಲ ತಿರುಗಿ ನೋಡುವಂಥ ಸೈಲೆನ್ಸರ್ ಹಾಕಿಸಬೇಕೆಂಬ ಆಸೆ, ಜೇಬಿನಲ್ಲಿ ಅದಕ್ಕೆ ಸಾಕಾಗದಷ್ಟು ದುಡ್ಡು. ಕೆಲವು ಪುಟ ಬರೆದ ಮೇಲೆ ನೋಡಿದರೆ, ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಹರಿದು ಹಾಕಿದೆ. (ಹರಿಯಲಿಲ್ಲ, ಡಿಲೀಟ್ ಮಾಡಿದೆ. ಕಥೆಗಾರರು ಇವತ್ತಿಗೂ ಹಾಳೆ ಹರಿಯುತ್ತಾರೆಂದು ನೀವು ನಂಬಿದ್ದೀರಿ. ನಂಬಿಕೆ ಕೆಡಿಸುವುದು ಯಾಕೆ?)

ಅದರಲ್ಲೊಂದು ಸಾಲಿತ್ತು: ‘ಗ್ಯಾರೇಜಿನ ಮೂಲೆಯಲ್ಲಿ ಒಬ್ಬ ಹೆಂಗಸು ತನ್ನ ಗಾಡಿಯ ಬಾನೆಟ್ ಎತ್ತಿ ನಿಂತಿದ್ದಳು.’ ಯುವಕ ಹೋದ. ಹೆಂಗಸು ಮಾತ್ರ ಜಗ್ಗಲಿಲ್ಲ.

“ಅವನ ಕಥೆ ಮುಗೀತಲ್ಲ ಕಥೆಗಾರ್ರೇ, ಇನ್ನು ನನ್ನ ಗಾಡಿ ನೋಡಿ” ಎಂದಳು.

2

ಅವಳನ್ನು ಎಲ್ಲರೂ ಜೇನಕ್ಕ ಎನ್ನುತ್ತಾರೆ. ಜೇನು ಸಾಕುತ್ತಾಳೆ. ಹೂವು ಎಲ್ಲಿ ಅರಳುತ್ತದೋ ಅಲ್ಲಿಗೆ ಪೆಟ್ಟಿಗೆಗಳನ್ನು ಪಿಕಪ್ಪಿನಲ್ಲಿ ಒಯ್ದು ಇಳಿಸುವುದು, ಹೂವು ಮುಗಿದಾಗ ಮತ್ತೆ ಹೇರಿಕೊಂಡು ಬರುವುದು, ಇದೇ ಅವಳ ಕಸುಬು. ಬೆಟ್ಟದ ಮೇಲಿನ ಹೂವು ವರ್ಷಕ್ಕೊಮ್ಮೆ. ಆ ಜೇನು ಕೈತಪ್ಪಿದರೆ ಉಳಿದ ವರ್ಷವೆಲ್ಲ ಬಾಯಿಗೂ ಹೊಟ್ಟೆಗೂ ಜಗಳ.

ಕಳೆದ ವರ್ಷ ಬೆಟ್ಟದ ಏರಿನಲ್ಲಿ, ಅರ್ಧದಾರಿಯಲ್ಲಿ, ಗಾಡಿ ನಿಂತುಬಿಟ್ಟಿತು. ಬಾನೆಟ್ಟಿನಿಂದ ಹಬೆ ಎದ್ದಿತು. ಎಂಜಿನ್ ಆರುವಷ್ಟರಲ್ಲಿ ಬಿಸಿಲು ಏರಿತು. ಪೆಟ್ಟಿಗೆಯ ಬಾಯಿಗೆ ಕಟ್ಟಿದ ಜಾಲರಿಯ ಹಿಂದೆ ಹುಳಗಳು ರೆಕ್ಕೆಯಿಂದ ಗಾಳಿ ಬೀಸಿ ಬೀಸಿ ಸೋತವು. ಕುಡಿಯುವ ನೀರನ್ನೆಲ್ಲ ಪೆಟ್ಟಿಗೆಗಳ ಮೇಲೆ ಸುರಿದಳು. ಹುಳಗಳು ಉಳಿಯಲಿಲ್ಲ. ಮೇಣ ಕರಗಿ, ಜೇನು ಪೆಟ್ಟಿಗೆಯ ಸಂದಿನಿಂದ ರಸ್ತೆಗೆ ತೊಟ್ಟಿಕ್ಕಿತು.

(ಇಲ್ಲಿ ‘ಕಣ್ಣೀರಿನಂತೆ’ ಎಂದು ಬರೆದಿದ್ದೆ. “ಜೇನಿನಂತೆ ತೊಟ್ಟಿಕ್ಕಿತು. ಅಷ್ಟು ಸಾಕು” ಎಂದಳು. ಅಳಿಸಿದೆ.)

“ಈ ಸಲ ಬಿಸಿಲೇರೋ ಮೊದಲು ನಾನು ಮೇಲಿರಬೇಕು. ಏನಾದ್ರೂ ಸರಿ” ಎಂದು ಅವಳು ನಿಶ್ಚಯಿಸಿದ್ದಳು. ಕೂಡಿಟ್ಟಿದ್ದ ದುಡ್ಡು ಗ್ಯಾರೇಜಿನ ಒಂದು ದೊಡ್ಡ ಕೆಲಸಕ್ಕೆ ಸಾಲುತ್ತಿತ್ತು, ಎರಡಕ್ಕೆ ಇಲ್ಲ.

3

ಯಾವ ಕೆಲಸ ಎನ್ನುವುದರ ಬಗ್ಗೆ ಗಂಡನಿಗೆ ಯಾವ ಅನುಮಾನವೂ ಇರಲಿಲ್ಲ. ಅವನು ಶಾಲಾ ಬಸ್ಸಿನ ಡ್ರೈವರ್. ವರ್ಷಗಟ್ಟಲೆ ಮಕ್ಕಳನ್ನು ಕೂರಿಸಿಕೊಂಡು ಆಮೆಯ ಹಾಗೆ ಓಡಿಸಿದವನು. ವೇಗದ ಆಸೆಯನ್ನೆಲ್ಲ ಹೆಂಡತಿಯ ಗಾಡಿಯ ಮೇಲೆ ಇಟ್ಟಿದ್ದ.

“ಚಿಪ್ ಟ್ಯೂನಿಂಗ್ ಮಾಡ್ಸೋಣ ಕಣೇ. ಎಂಜಿನ್ನಿನ ಕಂಪ್ಯೂಟರಲ್ಲಿ ಒಂಚೂರು ಸೆಟ್ಟಿಂಗ್ ಬದಲಾಯಿಸಿದ್ರೆ ಸಾಕು, ಗಾಡಿ ಹುಲಿ ಆಗುತ್ತೆ!”

“ಹುಲಿಗೆ ಜ್ವರ ಬಂದ್ರೆ? ಈಗಲೇ ಎಂಜಿನ್ ಕಾಯ್ತಿದೆ. ಇನ್ನೂ ಶಕ್ತಿ ಕೊಟ್ರೆ ಇನ್ನೂ ಕಾಯಲ್ವಾ?”

“ನೀನು ಯಾವಾಗ್ಲೂ ಹೀಗೇ. ಶುಭ ನುಡಿ ಅಂದ್ರೆ ಪಂಕ್ಚರ್ ಅಂತೀಯ.”

ಗ್ಯಾರೇಜಿನ ಮೇಸ್ತ್ರಿಯ ಅಡ್ಡಹೆಸರು ‘ನಾಳೆ ಬನ್ನಿ’. ಅವನು ಹೇಳಿದ್ದು ರೇಡಿಯೇಟರ್, ಹಿಂದಿನ ಪಟ್ಟಿ ಸ್ಪ್ರಿಂಗು, ಬ್ರೇಕು, ಆಮೇಲೆ “ದೇವರು ಕೊಟ್ರೆ” ಟರ್ಬೋ. ಒಂದನ್ನು ಆರಿಸಿ ಎಂದರೆ ತಲೆ ಕೆರೆದುಕೊಂಡು, “ನಾಳೆ ಬನ್ನಿ ಅಕ್ಕ” ಎಂದ.

4

ಅವಳು ನಾಳೆಗೆ ಕಾಯಲಿಲ್ಲ. ಹಿತ್ತಿಲಿಗೆ ಹೋದಳು. ಹುಳಗಳು ಕುಡಿಯಲೆಂದು ನೀರಿಟ್ಟಿದ್ದ ತೊಟ್ಟಿಯ ಮುಂದೆ ಕೂತು ಯೋಚಿಸಿದಳು. ಈ ಗಾಡಿ ಮೊದಲ ಎರಡು ವರ್ಷ ಇದೇ ಏರನ್ನು, ಇದೇ ಹೊರೆ ಹೊತ್ತು, ಎರಡನೇ ಗೇರಿನಲ್ಲಿ ಏರಿತ್ತಲ್ಲ? ಆಮೇಲೆ ಅದಕ್ಕೆ ಏನು ರೋಗ ಬಂತು?

ತೊಟ್ಟಿಯ ಕೆಳಗೆ ಆಸರೆಗೆಂದು ಇಟ್ಟಿದ್ದು ಗಾಡಿಯ ಹಳೆಯ ಚಕ್ರಗಳು. ಅಂಗಳದಲ್ಲಿ ನಿಂತ ಗಾಡಿಯ ಕಾಲಿಗೆ ಇರುವುದು ಗಂಡ ಮದುವೆಯ ದಿನದ ನೆನಪಿಗೆ ಹಾಕಿಸಿಕೊಟ್ಟ ಹೊಸ ಚಕ್ರಗಳು. ಮಿರಮಿರ ಮಿಂಚುವಂಥವು, ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರ. ಅವನ್ನು ಹಾಕಿಸಿದ ಮೇಲೆ ಹೋದ ಮೊದಲ ಬೆಟ್ಟವೇ ಕಳೆದ ವರ್ಷದ್ದು.

(ಓದುಗರೇ, ಒಂದು ಮಾತು. ಚಕ್ರ ದೊಡ್ಡದಾದಷ್ಟೂ ಅದನ್ನು ಒಂದು ಸುತ್ತು ತಿರುಗಿಸಲು ಎಂಜಿನ್ ಹೆಚ್ಚು ತಿಣುಕಬೇಕು. ಸಮತಟ್ಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಏರಿನಲ್ಲಿ ಗೊತ್ತಾಗುತ್ತದೆ. ನನಗೂ ಗೊತ್ತಿರಲಿಲ್ಲ, ಅವಳ ಹಿಂದೆ ಹಿತ್ತಿಲಿಗೆ ಹೋದಾಗಲೇ ಗೊತ್ತಾಗಿದ್ದು.)

ಗಂಡ ಬಸ್ಸಿಗೆ ಹೋದ ಮೇಲೆ ಹಳೆಯ ಚಕ್ರಗಳನ್ನು ಗ್ಯಾರೇಜಿಗೆ ಒಯ್ದು ಹಾಕಿಸಿದಳು. ಪೆಟ್ಟಿಗೆಗಳ ಬದಲು ಮರಳಿನ ಚೀಲ ಹೇರಿಕೊಂಡು ಬೆಟ್ಟದ ದಾರಿ ಹಿಡಿದಳು. ಗಾಡಿ ಬಿಸಿಯಾಯಿತು, ಆದರೆ ಎಲ್ಲೂ ನಿಲ್ಲಲಿಲ್ಲ. ಮೇಲೆ ತಲುಪಿದಾಗ ಅವಳಿಗೆ ಖುಷಿಯಾಗಬೇಕಿತ್ತು. ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಳು.

ವಾಪಸು ಬಂದು ಮೇಸ್ತ್ರಿಯನ್ನು ಕೇಳಿದಳು: “ಆ ಚಕ್ರ ಹಾಕಿದ್ರೆ ಏರಲ್ಲಿ ಕಷ್ಟ ಅಂತ ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು ಅಕ್ಕ. ಅಣ್ಣ ಅವತ್ತು ಎಷ್ಟು ಖುಷೀಲಿದ್ರು ಅಂದ್ರೆ, ನನಗೆ ಬಾಯೇ ಬರಲಿಲ್ಲ.”

5

ಇಲ್ಲಿ ನನಗೂ ಬಾಯಿ ಬರಲಿಲ್ಲ. ಗಂಡ ಪ್ರೀತಿಯಿಂದ ಕೊಟ್ಟ ಉಡುಗೊರೆಯೇ ಹುಳಗಳನ್ನು ಕೊಂದಿತು ಎಂದು ಯಾರು ಹೇಳಬೇಕು? ಸುಲಭದ ದಾರಿಯೊಂದನ್ನು ಬರೆದೆ: ಚಕ್ರಗಳು ಕಳುವಾಗುತ್ತವೆ, ಗಂಡನಿಗೆ ಏನೂ ಗೊತ್ತಾಗುವುದಿಲ್ಲ, ಸಂಸಾರ ಸುಖವಾಗಿ ಸಾಗುತ್ತದೆ.

“ಚೆನ್ನಾಗಿದೆ. ಸಂಬಳ ಆದ ಕೂಡ್ಲೇ ಅವರು ಇನ್ನೂ ದೊಡ್ಡ ಚಕ್ರ ತಂದು ಹಾಕಿಸ್ತಾರೆ. ಆಗ ಏನ್ ಮಾಡ್ತೀರಿ?” ಎಂದಳು.

“ಹಾಗಾದರೆ ಬ್ರೇಕ್ ಫೇಲ್ ಮಾಡಿಸಲಾ? ಆಸ್ಪತ್ರೆಯ ಹಾಸಿಗೆಯ ಮೇಲೆ ಸತ್ಯ ಹೇಳಿದರೆ ಓದುಗರಿಗೂ ಗಂಟಲು ಕಟ್ಟುತ್ತದೆ.”

“ನಿಮ್ಮ ಕಥೆಗೆ ಕ್ಲೈಮ್ಯಾಕ್ಸ್ ಬೇಕು ಅಂತ ನನ್ನ ಕೈಕಾಲು ಮುರೀತೀರಾ? ಸುಮ್ನೆ ಬರ್ಕೊಳ್ಳಿ. ನಾನೇ ಹೇಳ್ತೀನಿ.”

6

ಅವಳು ಹೇಳಿದಳು. ಗಂಡ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದ.

“ರೀ, ಹಳೇ ಚಕ್ರ ಹಾಕಿ ಬೆಟ್ಟ ಹತ್ತಿಸಿದೆ. ಹತ್ತಿತು.”

“ಅಂದ್ರೆ?”

“ಕಳೆದ ವರ್ಷ ನಿಂತಿದ್ದು ನೀವು ಕೊಟ್ಟ ಚಕ್ರದಿಂದ.”

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಿತು. ಅವಳೇ ಅದನ್ನು ಎತ್ತಿ ಬದಿಗಿಟ್ಟಳು.

“ಹಾಗಾದ್ರೆ ಹುಳ ಸಾಯಿಸಿದ್ದು ನಾನಾ?”

ಅವಳು ‘ಛೆ, ಹಾಗಲ್ಲ’ ಎನ್ನುತ್ತಾಳೆಂದು ನಾನು ಕಾದೆ. ಗಂಡನೂ ಕಾದ.

“ಹಾಕಿಸಿದ್ದು ನೀವು. ಬೇಡ ಅನ್ನದೆ ಓಡಿಸಿದ್ದು ನಾನು. ತಿಂಗಳುಗಟ್ಟಲೆ ಕನ್ನಡಿ ಥರ ಒರೆಸಿದೀನಿ ಅವನ್ನ. ನನಗೂ ಇಷ್ಟ ಇತ್ತು ರೀ.”

ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ. ಕೆಲವು ದಿನ ಊಟಕ್ಕೆ ಕೂತಾಗ ತಟ್ಟೆಯೊಂದಿಗೆ ಮಾತ್ರ ಮಾತಾಡಿದ. ಅವಳು ಓಲೈಸಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಪೆಟ್ಟಿಗೆಗಳ ಜಾಲರಿ ಹೊಲಿಯುತ್ತ ಕೂತಳು. ಕೆಳಗಿನ ಇಳಿಜಾರಿನಲ್ಲಿ ಹೂವು ಬಿಡತೊಡಗಿದೆ ಎಂಬ ಸುದ್ದಿ ಬಂದಿತ್ತು.

ಒಂದು ಭಾನುವಾರ ಎದ್ದು ನೋಡಿದರೆ ಕಳಚಿ ತಂದಿಟ್ಟಿದ್ದ ಮಿಂಚುವ ಚಕ್ರಗಳು ಅಂಗಳದಲ್ಲಿರಲಿಲ್ಲ. (ಕಳ್ಳರಲ್ಲ, ನಾನು ಮಾತು ಕೊಟ್ಟಿದ್ದೇನೆ.) ಮಧ್ಯಾಹ್ನ ಗಂಡ ಬಂದ. ಬಸ್ಸಿನ ಡಿಪೋದಲ್ಲಿ ಯಾರಿಗೋ ಮಾರಿಬಂದಿದ್ದ. ದುಡ್ಡನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಚೌಕಾಸಿ ಮಾಡಿದೆ. ಬಿಟ್ಟುಕೊಡಲಿಲ್ಲ” ಎಂದ. ಅವಳು ಅವನ ತೋಳು ಹಿಡಿದಳು. ನಾನು ಪ್ಯಾರಾ ಬದಲಿಸಿದೆ.

ಆಮೇಲೆ ಇಬ್ಬರೂ ಎದುರುಬದುರು ಕೂತರು. ಈಗ ಎರಡು ಕೆಲಸಕ್ಕೆ ದುಡ್ಡಿತ್ತು.

“ರೇಡಿಯೇಟರ್” ಎಂದಳು.

“ರೇಡಿಯೇಟರ್” ಎಂದ. ಒಂದು ಕ್ಷಣ ಬಿಟ್ಟು, “ಚಿಪ್?”

“ಹತ್ತಿದ ಗಾಡಿ ಇಳೀಬೇಕಲ್ಲ ರೀ. ಬ್ರೇಕು.”

“ಬ್ರೇಕ್ ಯಾರಿಗೂ ಕಾಣೋದೇ ಇಲ್ಲ” ಎಂದು ಗೊಣಗಿದ. ಆದರೆ ಮರುದಿನ ಗ್ಯಾರೇಜಿಗೆ ಹೋಗಿ, ‘ನಾಳೆ ಬನ್ನಿ’ಯ ಎದುರು ಸ್ಟೂಲು ಹಾಕಿಕೊಂಡು, ಕೆಲಸ ಮುಗಿಯುವವರೆಗೂ ಏಳದೆ ಕೂತವನು ಅವನೇ.

7

ಪೂರ್ವದಲ್ಲಿ ಬೆಳಕು ಹರಿಯುವ ಹೊತ್ತಿಗೆ ಗಾಡಿ ಏರಿನ ಬುಡದಲ್ಲಿತ್ತು. ಹಿಂದೆ ಪೆಟ್ಟಿಗೆಗಳು, ಚಾಲಕಿಯ ಸೀಟಿನಲ್ಲಿ ಅವಳು. ಪಕ್ಕದಲ್ಲಿ ರಜೆ ಹಾಕಿ ಬಂದ ಗಂಡ. ನಡುವೆ ಇಕ್ಕಟ್ಟಿನಲ್ಲಿ, ಮುಗಿಸುವ ದಾರಿ ಹುಡುಕುತ್ತ, ನಾನು.

ಮೂರು ಮುಕ್ತಾಯಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಒಂದು: ಬೆಟ್ಟದ ತುಂಬ ಹೂವು, ಹಾರುವ ಜೇನು, ಕೈ ಕೈ ಹಿಡಿದ ದಂಪತಿ. ಎರಡು: ಮೇಲೆ ತಲುಪಿದರೆ ಅಲ್ಲಿ ಆಗಲೇ ಬೇರೆಯವರ ಪೆಟ್ಟಿಗೆಗಳು. ಮೂರು: ಅದೇ ತಿರುವು, ಅದೇ ಹಬೆ.

“ಯಾವುದು ಬೇಕು?” ಎಂದೆ.

ಯಾರೂ ನನ್ನತ್ತ ನೋಡಲಿಲ್ಲ. ಗಂಡನ ಕಣ್ಣು ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು.

“ಅರ್ಧ ದಾಟಿತು ಕಣೇ.”

“ದಾಟಲಿ. ಕೆಂಪಿಗೆ ಬಂದ್ರೆ ಹೇಳಿ.”

ಕಳೆದ ವರ್ಷ ನಿಂತಿದ್ದ ತಿರುವು ಬಂತು. ಎಂಜಿನ್ನಿನ ದನಿ ಇಳಿಯಿತು. ಇಲ್ಲಿ ಕಥೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ, ಓದುಗರು ತಾವೇ ಊಹಿಸಿಕೊಳ್ಳುತ್ತಾರೆ ಎಂದು ನಾನು ಪೆನ್ನಿನ ಮುಚ್ಚಳ ತೆಗೆದೆ. (ಕೀಬೋರ್ಡು. ಆದರೆ ಇರಲಿ.)

“ಏನ್ ಮಾಡ್ತಿದೀರಿ?” ಎಂದು ಅವಳು ಗದರಿದಳು. “ಹೊರೆ ಹೊತ್ತ ಗಾಡೀನ ಏರಲ್ಲಿ ನಿಲ್ಲಿಸಬಾರದು. ನಿಲ್ಲಿಸಿದ್ರೆ ಹಿಂದಕ್ಕೆ ಜಾರುತ್ತೆ.”

“ಹಾಗಾದರೆ ನಾನು ಎಲ್ಲಿ ಇಳಿಯಲಿ?”

“ಯಾರು ಇಳೀರಿ ಅಂದಿದ್ದು? ಆ ಕಿಟಕಿ ಇಳಿಸಿ, ಗಾಳಿಯಾಡಲಿ.”

ಗಂಡನ ಆಚೆಗೆ ಕೈ ಚಾಚಿ ಕಿಟಕಿ ಇಳಿಸಿದೆ. ಹಿಂದಿನಿಂದ ಹುಳಗಳ ಗುಂಯ್‌ಗಾರ ಒಳಗೆ ಬಂತು. ಅವಳು ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದಳು. ಮುಳ್ಳು ನಡುಗಿತು, ಬಂಡೆಯ ನೆತ್ತಿಗೆ ಬಿಸಿಲಿನ ಮೊದಲ ಗೆರೆ ಬಿತ್ತು, ಚಕ್ರ ಜಲ್ಲಿಯನ್ನು ಕಚ್ಚಿತು, ಗಾಡಿ ಏರುತ್ತಿದೆ, ಇನ್ನೂ ಏರುತ್ತಿದೆ, ಮತ್ತು