ಸಾಹೇಬರು ಬಂದಾಗ ಗುಡಿಸಬೇಡಿ

ನಮ್ಮ ಓಣಿಯಲ್ಲಿ ಗಿಡಮರ ಬೆಳೆಯುವುದಿಲ್ಲ, ಹೊಸ್ತಿಲು ಬೆಳೆಯುತ್ತವೆ. ಮುಂದಿನ ದೊಡ್ಡ ರಸ್ತೆಯನ್ನು ಎತ್ತರಿಸಿ ಹೊಸದಾಗಿ ಡಾಂಬರು ಹಾಕಿದ ಮೇಲೆ ಓಣಿ ತಗ್ಗಾಯಿತು. ಮಳೆ ಬಂದರೆ ಚರಂಡಿಯ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ತಿರುಗಿ ಮನೆಗಳಿಗೆ ನುಗ್ಗುತ್ತದೆ. ಒಬ್ಬರು ಬಾಗಿಲಿಗೆ ಒಂದು ಸಾಲು ಇಟ್ಟಿಗೆ ಇಡುತ್ತಾರೆ. ಅಲ್ಲಿ ತಡೆದ ನೀರು ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದವರು ಎರಡು ಸಾಲು ಇಡುತ್ತಾರೆ. ಹೀಗೆ ಈಗ ಎಲ್ಲರ ಹೊಸ್ತಿಲೂ ಮೊಣಕಾಲಿಗೆ ಬಂದಿದೆ. ನೀರು ಮಾತ್ರ ಯಾವುದಾದರೊಂದು ಮನೆಯನ್ನು ಹುಡುಕಿಕೊಂಡು ಹೋಗಿಯೇ ಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಅದು ಹುಡುಕಿಕೊಂಡು ಹೋದದ್ದು ಟೈಲರ್ ಮನೆಯನ್ನು. ಅವರ ಪುಟ್ಟ ಮಗಳಿಗೆ ವಾಂತಿಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಆ ಸಣ್ಣ ಕೈಯಲ್ಲಿ ನರವೇ ಸಿಗಲಿಲ್ಲ. ಮಗು ಉಳಿಯಿತು. ಆದರೆ ಅಂದಿನಿಂದ ಟೈಲರನ ಹೆಂಡತಿಗೆ ಮೋಡ ಕಂಡರೆ ಸಾಕು, ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಹಿಟ್ಟಿನ ಡಬ್ಬವನ್ನು ಅಟ್ಟಕ್ಕೆ ಏರಿಸುತ್ತಾಳೆ. ಹಾಸಿಗೆ ಮಡಚುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಈಗ ಅವಳಿಗೆ ದಿನ ತುಂಬುತ್ತಿದೆ. ಎರಡನೆಯ ಮಗು ಮಳೆಯ ಜೊತೆಗೇ ಬರುವ ಹಾಗಿದೆ.

ಅವಳ ತೂಕ ನೋಡಲು ಆರೋಗ್ಯ ಕೇಂದ್ರದ ನರ್ಸಕ್ಕ ಬಂದರು. ಹೊಸ್ತಿಲು ದಾಟಲು ಅವರೇ ಗೋಡೆ ಹಿಡಿಯಬೇಕಾಯಿತು.

"ಏನಮ್ಮಾ, ಇದು ಮನೆಯೋ ಕೋಟೆಯೋ? ಈ ಹೊಟ್ಟೆ ಹೊತ್ಕೊಂಡು ದಿನಾ ಇದನ್ನ ಹತ್ತಿ ಇಳೀತೀಯಾ?"

"ಅಭ್ಯಾಸ ಆಗಿದೆ ಅಕ್ಕ."

"ಬಿದ್ರೆ ಅದೂ ಅಭ್ಯಾಸ ಆಗತ್ತಾ? ನಗರಸಭೆಗೆ ದೂರು ಕೊಡಲಿಲ್ವಾ ನೀವು?"

ಟೈಲರ್ ಮಿಷನ್ನಿನಿಂದ ತಲೆ ಎತ್ತದೆ ಹೇಳಿದ. "ಕೊಟ್ಟಿದ್ವಿ ಅಕ್ಕ. ಇಂಜಿನಿಯರ್ ಬಂದ್ರು, ನೋಡಿದ್ರು. 'ಚರಂಡಿ ಸುಸ್ಥಿತಿಯಲ್ಲಿದೆ' ಅಂತ ಬರ್ಕೊಂಡು ಹೋದ್ರು. ಕಣ್ಣಿದ್ದೂ ಕುರುಡರು."

"ಕಣ್ಣಿಲ್ಲ ಅನ್ಬೇಡ," ಎಂದು ಒಳಗಿನಿಂದ ಅವನ ತಾಯಿ ಬಂದಳು. ಓಣಿಯವರೆಲ್ಲ ಅವಳನ್ನು ಕರೆಯುವುದು ಪೊರಕೆ ಅಜ್ಜಿ ಎಂದೇ. "ಅವತ್ತು ಸಾಹೇಬರು ಎಷ್ಟು ಹೊಗಳಿದ್ರು ಗೊತ್ತಾ ನರ್ಸಮ್ಮ! ಬರ್ತಾರೆ ಅಂತ ಸುದ್ದಿ ಬಂದಿದ್ದೇ ತಡ, ಬೆಳಿಗ್ಗೆ ಬೇಗ ಎದ್ದು ಎಲ್ಲಾ ಹೆಂಗಸರನ್ನೂ ಎಬ್ಬಿಸಿದೆ. ನಿಂತ ನೀರನ್ನ ಬಕೆಟ್ಟಲ್ಲಿ ಮೊಗೆದು ಹಾಕಿದ್ವಿ. ಕೆಸರು ಬಳಿದ್ವಿ. ಸುಣ್ಣದ ಪುಡಿ ಚೆಲ್ಲಿದ್ವಿ. ಓಣಿ ಕನ್ನಡಿ ಹಾಗಿತ್ತು, ಕನ್ನಡಿ! 'ಇಷ್ಟು ಚೊಕ್ಕ ಓಣಿ ನಾನು ನೋಡೇ ಇಲ್ಲ ಅಜ್ಜಿ' ಅಂದ್ರು."

ನರ್ಸಕ್ಕ ತೂಕದ ಯಂತ್ರವನ್ನು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟರು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

"ಅಜ್ಜಿ, ಡಾಕ್ಟರ್ ಹತ್ರ ಹೋಗುವಾಗ ಹುಣ್ಣಿಗೆ ಪೌಡರ್ ಹಚ್ಕೊಂಡು ಹೋಗ್ತೀರಾ?"

"ಯಾಕೆ ಹಚ್ಚಲಿ? ನನಗೇನು ತಲೆ ಕೆಟ್ಟಿದೆಯಾ?"

"ಮತ್ತೆ ಅವತ್ತು ಮಾಡಿದ್ದೇನು? ನೀವು ಬಳಿದು ಹಾಕಿದ್ದು ಕೆಸರಲ್ಲ ಅಜ್ಜಿ, ಸಾಕ್ಷಿ."

ಅಜ್ಜಿಯ ಮುಖ ಕೆಂಪಾಯಿತು. "ಅಂದ್ರೆ? ಬಂದವರನ್ನ ಕೊಳಚೇಲಿ ನಿಲ್ಲಿಸಬೇಕಿತ್ತಾ? ಬಡವರಾದ್ರೇನು, ನಮಗೂ ಮಾನ ಇಲ್ವಾ?"

"ಮಾನ ಹೋಗಬೇಕಾದ್ದು ರಸ್ತೆ ಎತ್ತರಿಸಿ ಓಣಿ ಮುಳುಗಿಸಿದವರದ್ದು. ನಿಮ್ಮದು ಯಾಕೆ ಹೋಗತ್ತೆ?"

ಟೈಲರ್ ಮಿಷನ್ ನಿಲ್ಲಿಸಿದ. "ಬಿಡಿ ಅಕ್ಕ. ಇದೆಲ್ಲ ಆಗೋ ಮಾತಲ್ಲ. ವೋಟು ಹಾಕೋವರೆಗೆ ನಾವು ಅಣ್ಣ ತಮ್ಮ. ಹಾಕಿದ ಮೇಲೆ ಯಾರೋ ಏನೋ. ನಾನು ಇನ್ನೊಂದು ಸಾಲು ಇಟ್ಟಿಗೆ ಇಡ್ತೀನಿ, ಮುಗೀತು."

"ಇಡಪ್ಪಾ, ಇಡು!" ಪಕ್ಕದ ಮನೆಯ ಕಿಟಕಿಯಿಂದ ದನಿ ಬಂತು. ಅಲ್ಲಿರುವುದು ಕಟಿಂಗ್ ಅಂಗಡಿಯ ಅಣ್ಣ. ಅವನ ಕತ್ತರಿಗಿಂತ ಕಿವಿ ಚುರುಕು. "ನಿನ್ನ ನೀರು ನನ್ನ ಮನೆಗೆ ಬರತ್ತೆ. ನಾನೂ ಒಂದು ಸಾಲು ಇಡ್ತೀನಿ. ಕೊನೆಗೆ ಎಲ್ರೂ ಏಣಿ ಹಾಕ್ಕೊಂಡು ಮನೆ ಸೇರೋಣ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮದು ಕಾಲು ಕೆಸರು, ಬಾಯಿಗೆ ಬೀಗ!"

ಯಾರೂ ನಗಲಿಲ್ಲ. ಯಾಕೆಂದರೆ ಅಷ್ಟು ಹೊತ್ತೂ ಸುಮ್ಮನಿದ್ದ ಟೈಲರನ ಹೆಂಡತಿ ಗಂಡನ ಕಡೆ ತಿರುಗಿದ್ದಳು.

"ನೀವು ಎಷ್ಟು ಇಟ್ಟಿಗೆ ಬೇಕಾದ್ರೂ ಇಡಿ. ಈ ಮಗು ಎತ್ಕೊಂಡು ನಾನು ಈ ನೀರಿಗೆ ವಾಪಸ್ ಬರಲ್ಲ. ಆಸ್ಪತ್ರೆಯಿಂದ ನೇರ ಅಮ್ಮನ ಮನೆಗೆ ಹೋಗ್ತೀನಿ. ದೊಡ್ಡವಳನ್ನೂ ಕರ್ಕೊಂಡು ಹೋಗ್ತೀನಿ. ಚರಂಡಿ ಸರಿಯಾದ್ರೆ ಹೇಳಿ ಕಳಿಸಿ."

ಟೈಲರ್ ನರ್ಸಕ್ಕನ ಕಡೆ ನೋಡಿದ.

ನರ್ಸಕ್ಕ ಮೆಲ್ಲಗೆ ಹೇಳಿದರು. "ನೋಡಪ್ಪಾ, ಅತ್ತರೆ ತಾನೇ ಹೆತ್ತಮ್ಮನೂ ಹಾಲು ಕೊಡೋದು. ಈ ವಾರ ವಾರ್ಡ್ ಸಭೆ ಇದೆ. ಅದು ನಗರಸಭೆ ಸದಸ್ಯರ ಮನೆ ಸಮಾರಂಭ ಅಲ್ಲ, ಕರೆಯೋಲೆ ಬೇಕಿಲ್ಲ. ವಾರ್ಡಿನವರು ಯಾರು ಬೇಕಾದ್ರೂ ಹೋಗಿ ಮಾತಾಡಬಹುದು. ಒಬ್ಬೊಬ್ಬರೇ ಹೋಗಬೇಡಿ, ಒಟ್ಟಿಗೆ ಹೋಗಿ. ಹೇಳಿದ್ದನ್ನ ಸಭೆಯ ನಡಾವಳಿಲಿ ಬರೆಸಿ. ಬರೆದ್ರಾ ಅಂತ ಅಲ್ಲೇ ಓದಿಸಿ ಕೇಳಿ."

ಟೈಲರ್ ಹೋಗಲಿಲ್ಲ. ಮದುವೆ ಮನೆಯ ಬಟ್ಟೆ ಇದೆ ಎಂದು ನೆಪ ಹೇಳಿದ. ಹೋದದ್ದು ಓಣಿಯ ಹೆಂಗಸರು, ಕಟಿಂಗ್ ಅಣ್ಣ, ಮತ್ತು ಒಲ್ಲದ ಮನಸ್ಸಿನ ಅಜ್ಜಿ. ಸಭಾಂಗಣದಲ್ಲಿ ಮುಂದಿನ ಕುರ್ಚಿಗಳೆಲ್ಲ ಖಾಲಿ ಇದ್ದರೂ ಇವರು ಕೊನೆಯ ಸಾಲಿನಲ್ಲಿ ಗೋಡೆಗೆ ಅಂಟಿಕೊಂಡು ಕೂತರು. ಓಣಿಯ ಹೆಸರು ಬಂದಾಗ ವೇದಿಕೆಯ ಮೇಲಿದ್ದ ಸದಸ್ಯರು ಕಾಗದ ನೋಡಿ, "ಅಲ್ಲಿ ಪರಿಶೀಲನೆ ಆಗಿದೆ, ಸಮಸ್ಯೆ ಇಲ್ಲ," ಎಂದು ಮುಂದಕ್ಕೆ ಹೋಗಲಿದ್ದರು.

ಟೈಲರನ ಹೆಂಡತಿ ಎದ್ದಳು. ಅವಳಿಗೆ ಏಳುವುದೇ ಒಂದು ಕೆಲಸ. ಅಷ್ಟರಲ್ಲಿ ಎಲ್ಲರೂ ತಿರುಗಿ ನೋಡಿದ್ದರು.

"ಸಾರ್, ನೀವು ಪರಿಶೀಲನೆ ಮಾಡಿದ್ದು ನಮ್ಮ ಓಣಿಯನ್ನಲ್ಲ. ನಮ್ಮತ್ತೆ ಗುಡಿಸಿದ ಓಣಿಯನ್ನ."

ಸಭೆಯಲ್ಲಿ ನಗುವೆದ್ದಿತು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಸೊಸೆ ಕೂರಲಿಲ್ಲ. ಮಗಳ ಕೈಗೆ ಸೂಜಿ ಚುಚ್ಚಿದ್ದನ್ನು ಹೇಳಿದಳು, ಹೊಸ್ತಿಲುಗಳ ಎತ್ತರವನ್ನು ತನ್ನ ಮೊಣಕಾಲು ಮುಟ್ಟಿ ತೋರಿಸಿದಳು. ಮಾತು ಎರಡು ಸಲ ತಡವರಿಸಿತು. ನಗು ನಿಂತಿತು. ಸದಸ್ಯರು ಇಂಜಿನಿಯರ್ ಮತ್ತೆ ಬರುತ್ತಾರೆಂದು ದಿನ ಹೇಳಿದರು. ಅದನ್ನು ನಡಾವಳಿಯಲ್ಲಿ ಬರೆಸಿ, ಓದಿಸಿ, ಕೇಳಿಕೊಂಡೇ ಎಲ್ಲರೂ ಎದ್ದರು.

ಆ ದಿನದ ಹಿಂದಿನ ಸಂಜೆ ಮಳೆ ಬಂತು. ಬೆಳಿಗ್ಗೆ ಓಣಿಯ ತುಂಬ ಕಪ್ಪು ನೀರು. ಅಜ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ. ಪೊರಕೆ ಹಿಡಿದು ಬಾಗಿಲಿಗೆ ಬಂದಳು, ಸೊಸೆಯ ಮುಖ ನೋಡಿ ಒಳಗೆ ಹೋದಳು. ಮತ್ತೆ ಬಂದಳು.

"ಈ ಒಂದು ಮೂಲೆ ಮಾತ್ರ ಕಣೇ. ನೋಡೋಕಾಗ್ತಿಲ್ಲ."

"ಅತ್ತೆ, ಬೇಡ."

"ನಾಳೆ ಜನ ನಮ್ಮನ್ನ ಏನಂತಾರೆ?"

"ಅಂದುಕೊಳ್ಳಲಿ ಅತ್ತೆ. ಅಂದುಕೊಂಡ್ರೆ ಮಕ್ಕಳಿಗೆ ವಾಂತಿ ಆಗಲ್ಲ."

ಅಜ್ಜಿ ಪೊರಕೆ ಇಟ್ಟಳು. ಆದರೆ ಓಣಿಯ ಹಳೆಯ ಚಾಳಿ ಒಬ್ಬರದ್ದಲ್ಲವಲ್ಲ. ಜೀಪಿನ ಸದ್ದು ಕೇಳುತ್ತಲೇ ಟೈಲರನೇ ಗಾಬರಿಯಿಂದ ಓಡಿಬಂದು, ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆಯನ್ನು ನೀರಿನ ಮೇಲೆ, ಎರಡು ಕಲ್ಲುಗಳಿಗೆ ಆನಿಸಿ ಹಾಕಿಬಿಟ್ಟ. "ಪಾಪ, ಸಾಹೇಬರ ಬೂಟು!" ಎಂದ.

ಇಂಜಿನಿಯರ್ ಆ ಹಲಗೆಯ ಮೇಲೆ ನಡೆದು ಬಂದು ಈಚೆ ತುದಿಯ ಕಲ್ಲಿನ ಮೇಲೆ ನಿಂತರು. ಬೂಟಿಗೆ ಒಂದು ಹನಿಯೂ ತಾಗಲಿಲ್ಲ. ಸುತ್ತ ನೋಡಿ, "ಮಳೆ ಬಂದಾಗ ಸ್ವಲ್ಪ ನಿಲ್ಲತ್ತೆ. ಎಲ್ಲಾ ಕಡೆ ಇದೇ ಕತೆ. ಒಣಗತ್ತೆ ಬಿಡಿ," ಎಂದು ಹೊರಡಲು ತಿರುಗಿದರು.

ಟೈಲರನ ಹೆಂಡತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅಜ್ಜಿ ಆ ಮುಖವನ್ನು ನೋಡಿದಳು. ಒಂದು ಗಳಿಗೆ. ಆಮೇಲೆ ಹೊಸ್ತಿಲು ದಾಟಿ, ಸೀರೆಯನ್ನೂ ಎತ್ತದೆ ನೀರಿಗಿಳಿದು, ಅವರ ಮುಂದಿದ್ದ ಹಲಗೆಯನ್ನು ಎಳೆದು ಕಂಕುಳಲ್ಲಿ ಇಟ್ಟುಕೊಂಡಳು.

"ಅಮ್ಮಾ! ಏನ್ಮಾಡ್ತಿದೀಯಾ?" ಟೈಲರ್ ಕೂಗಿದ.

"ನೀನು ಸುಮ್ನಿರೋ. ಸಾಹೇಬ್ರೇ, ಈ ಹಲಗೆ ನಿಮಗೋಸ್ಕರ ಹಾಕಿದ್ದು. ನಮಗೆ ದಿನಾ ಇರಲ್ಲ. ಇಳೀರಿ. ನನ್ನ ಸೊಸೆ ಹೆಂಗೆ ನಡೀತಾಳೋ ಹಂಗೆ ಒಂದ್ಸಲ ನಡೀರಿ. ಬೂಟು ತೊಳ್ಕೊಡೋಕೆ ನಾನಿದೀನಿ."

ಇಂಜಿನಿಯರ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೇರೆ ದಾರಿ ಇರಲಿಲ್ಲ. ಇಳಿದರು. ಬೂಟು ಪೂರ್ತಿ ಮುಳುಗಿತು. ಎರಡನೆಯ ಹೆಜ್ಜೆಗೆ ಕಾಣದ ಗುಂಡಿಯೊಳಗೆ ಕಾಲು ಜಾರಿ, ಕಟಿಂಗ್ ಅಣ್ಣನ ಭುಜ ಹಿಡಿದುಕೊಂಡರು. ಹಾಗೇ ಅವನ ಭುಜ ಹಿಡಿದು ಓಣಿಯ ತುದಿಯವರೆಗೆ ನಡೆದರು. ಅಲ್ಲಿ ಬಗ್ಗಿ ನೋಡಿದರು. ರಸ್ತೆಯ ಅಂಚಿಗೆ ಹಾಕಿದ್ದ ಕಾಂಕ್ರೀಟು ಚರಂಡಿಯ ಬಾಯಿಯನ್ನೇ ಮುಚ್ಚಿತ್ತು.

"ಇದು ಹೋದ ಸಲ ಕಾಣಲಿಲ್ವಲ್ಲ," ಎಂದರು.

"ಹೋದ ಸಲ ನಾನು ಕಾಣೋಕೆ ಬಿಡ್ಲಿಲ್ಲ ಸಾಹೇಬ್ರೇ," ಎಂದಳು ಅಜ್ಜಿ.

ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲಸದವರು ಬರಲಿಲ್ಲ. ಈ ಬಾರಿ ನಗರಸಭೆಗೆ ಹೋದದ್ದು ಟೈಲರ್. ದೂರಿನ ಸಂಖ್ಯೆ ಕೇಳಿ ಬರೆಸಿಕೊಂಡ. ಬರಲಿಲ್ಲವೆಂದು ಮತ್ತೆ ಹೋದ, ಕಟಿಂಗ್ ಅಣ್ಣನನ್ನೂ ಕರೆದುಕೊಂಡು. ಮೋಡ ದಿನದಿನಕ್ಕೆ ಕಪ್ಪಾಗುತ್ತಿತ್ತು. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ ಕಾಂಕ್ರೀಟು ಒಡೆಯುವವರು ಬಂದರು. ಟೈಲರ್ ಆಸ್ಪತ್ರೆಗೂ ಓಣಿಗೂ ನಡುವೆ ಓಡಾಡಿ ಕಂಗಾಲಾದ.

ಗಂಡು ಮಗು ಹುಟ್ಟಿತು. ಆ ರಾತ್ರಿ ಸುರಿದ ಮಳೆಗೆ ಓಣಿಯವರೆಲ್ಲ ಬಾಗಿಲಲ್ಲಿ ನಿಂತರು. ನೀರು ಏರಿತು, ಸ್ವಲ್ಪ ಹೊತ್ತು ಅನುಮಾನಿಸಿದ ಹಾಗೆ ನಿಂತಿತು, ಆಮೇಲೆ ಗೊಳಗೊಳ ಎನ್ನುತ್ತ ರಸ್ತೆಯ ಕೆಳಗಿನ ಮೋರಿಗೆ ಇಳಿಯಿತು. ಬೆಳಿಗ್ಗೆ ಟೈಲರ್ ತಾಯಿಯ ಜೊತೆ ಆಸ್ಪತ್ರೆಗೆ ಹೋಗಿ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಮನೆಗೆ ಬಾ." ಅವಳು ನಂಬಲಿಲ್ಲ. ಅತ್ತೆಯನ್ನು ಕೇಳಿದಳು. ಅತ್ತೆ ಹೌದೆಂದ ಮೇಲೆ ಬಟ್ಟೆ ಗಂಟು ಕಟ್ಟಿದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲೂ ಇಂಥದ್ದೊಂದು ಇರಬಹುದು: ಕೆಟ್ಟ ದೀಪ, ಬಾರದ ನೀರು, ಬಾಗಿಲು ತೆರೆಯದ ಆರೋಗ್ಯ ಕೇಂದ್ರ. ಅದನ್ನು ಮುಚ್ಚಿಟ್ಟು ಮರ್ಯಾದೆ ಉಳಿಸಿಕೊಳ್ಳಬೇಡಿ. ನೋಡಲು ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ. ವಾರ್ಡ್ ಸಭೆಗೆ ಅಕ್ಕಪಕ್ಕದವರ ಜೊತೆ ಹೋಗಿ, ಮುಂದಿನ ಕುರ್ಚಿಯಲ್ಲಿ ಕುಳಿತುಕೊಳ್ಳಿ. ದನಿ ನಡುಗಿದರೆ ನಡುಗಲಿ, ಹೇಳಿದ್ದು ಬರೆದರೇ ಎಂದು ಕೇಳಿ. ದೂರಿನ ಸಂಖ್ಯೆ ಪಡೆಯಿರಿ. ಕೆಲಸ ಆಗದಿದ್ದರೆ ಮತ್ತೆ ಹೋಗಿ. ವೋಟು ಹಾಕಿದ ದಿನಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ.

ಮಳೆ ಯಾರನ್ನೂ ಕೇಳಿ ಬರುವುದಿಲ್ಲ. ಅದು ಬರುವ ಮೊದಲು ನೀವು ಹೋಗಿ ಕೇಳಿ.