ಕೊನೆಯ ಸ್ವರದ ಮುಂಚಿನ ಉಸಿರು

ಬೇಲೂರಿನಿಂದ ಅರೇಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಹುಚ್ಚಣ್ಣನವರು ಸಿಳ್ಳೆ ಹಾಕುತ್ತಿರಲಿಲ್ಲ; ಬಸ್ಸು ನಿಲ್ಲಬೇಕಾದರೆ ಅಂಗೈಯಿಂದ ತಗಡಿಗೆ ಒಮ್ಮೆ, ಹೊರಡಬೇಕಾದರೆ ಎರಡು ಸಲ ಬಡಿಯುತ್ತಿದ್ದರು. ಆರು ವರ್ಷಗಳ ಆ ಬಡಿತಕ್ಕೆ ಬಾಗಿಲ ಬಳಿಯ ಬಣ್ಣ ಅಂಗೈಯಗಲ ಸವೆದಿದೆ. ಬಿಸಿ ಚಹಾವನ್ನೂ ಊದದೆ, ಆರುವವರೆಗೆ ಕಾಯುವರು. ಸೊಪ್ಪು ಮಾರುವ ಲಕ್ಕಮ್ಮ, "ಬಾಯಿಗೆ ಯಾರಣ್ಣ ಬೀಗ ಹಾಕವ್ರೆ?" ಎಂದು ಕೆಣಕಿದರೆ, ಹೆಗಲ ಚೀಲ ಸರಿಪಡಿಸಿಕೊಂಡು, "ಟಿಕೆಟ್ ತಗಳವ್ವ" ಎನ್ನುವುದಷ್ಟೇ ಉತ್ತರ.

ಆ ಬಾಯಿ ಹಿಂದೆ ಹಕ್ಕಿಯನ್ನೇ ಮರುಳು ಮಾಡಿತ್ತು. ಅರೇಹಳ್ಳಿಯಾಚೆ, ಎರಡು ಹುಲ್ಲುಗುಡ್ಡಗಳ ಸಂದಿನ ಪುಟ್ಟ ಕಾಡಿನಲ್ಲಿ, ಕಡುನೀಲಿ ಹಾಡುಹಕ್ಕಿಯ ಒಂದೇ ಜೋಡಿ ಉಳಿದಿದೆ. ಸುತ್ತಲಿನ ಕಾಡುಗಳ ಅಡಿಪೊದೆಯನ್ನು ರೆಸಾರ್ಟುಗಳಿಗಾಗಿ ಸವರಿದ ಮೇಲೆ, ನೆಲದ ಹತ್ತಿರ ಗೂಡು ಕಟ್ಟುವ ಆ ಜೀವಕ್ಕೆ ಬೇರೆ ಜಾಗವಿಲ್ಲ. ಹುಚ್ಚಣ್ಣನವರು ಅದರ ಹಾಡು ಕಲಿತು, ರಜೆಯಲ್ಲಿ ಕ್ಯಾಮೆರಾದವರನ್ನು ಕರೆದೊಯ್ದು ಸಿಳ್ಳೆಯಲ್ಲಿ ನುಡಿಸುತ್ತಿದ್ದರು. ತನ್ನ ಎಲ್ಲೆಯೊಳಗೆ ಬೇರೊಂದು ಗಂಡು ನುಗ್ಗಿತೆಂದು ಗಂಡುಹಕ್ಕಿ ಎದೆಯುಬ್ಬಿಸಿ ಹೊರಬರುತ್ತಿತ್ತು. ಒಂದು ಬೆಳಿಗ್ಗೆ ಹೆಣ್ಣೂ ಗೂಡು ಬಿಟ್ಟು ಬಂತು. ಅಷ್ಟರಲ್ಲಿ ಮಟಪಕ್ಷಿಯೊಂದು ಗೂಡಿಗಿಳಿದು ಎರಡೂ ಮೊಟ್ಟೆಗಳನ್ನು ತಿಂದುಹಾಕಿತು. ಅಂದೇ ಸಿಳ್ಳೆ ನಿಂತಿತು.

ಈ ಏಪ್ರಿಲಿನಲ್ಲಿ ಆ ಹಾಡು ಬಸ್ಸಿನೊಳಗೇ ಕೇಳಿಸಿತು. ಅರಸೀಕೆರೆಯಿಂದ ಕ್ಯಾಮೆರಾ ಹೊತ್ತು ಬಂದ ದೀಪಕ್, ಕಾಡಿನಲ್ಲಿ ಹಾಕಲೆಂದು ಮೊಬೈಲಿನಲ್ಲಿ ಅದನ್ನು ಪರೀಕ್ಷಿಸುತ್ತಿದ್ದ. ಅಸಲಿ ಹಕ್ಕಿಯದೇ ದನಿಯಂತೆ, ಕ್ಯಾಮೆರಾದವರ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದಂತೆ. ಆದರೆ ಕೊನೆಯ ಸ್ವರದ ಮುಂಚೆ ಸಣ್ಣಗೆ ಉಸಿರೆಳೆದ ಸದ್ದಿತ್ತು. ಅದು ಬೀಡಿ ಸೇದಿದ ಎದೆಯ ಉಸಿರು. ಹಿಂದೆ ಯಾರೋ ಪೊದೆಯ ಮರೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

"ಅದು ಹಕ್ಕಿಯಲ್ಲ ಕಣಪ್ಪ, ನಾನು," ಎಂದರು ಹುಚ್ಚಣ್ಣನವರು. "ಈಗ ಮೊಟ್ಟೆ ಇಕ್ಕೋ ಕಾಲ. ಅಳಿಸಾಕು."

ದೀಪಕ್ ನಕ್ಕ. "ನಿಮ್ದೇ ಆದ್ರೆ ಸಿಳ್ಳೆ ಹಾಕಿ ತೋರ್ಸಿ, ಅಳಿಸ್ತೀನಿ."

ಹುಚ್ಚಣ್ಣನವರು ಕಂಬಿ ಹಿಡಿದುಕೊಂಡರು. ಆಮೇಲೆ ತುಟಿ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ ಸಿಳ್ಳೆ ಹಾಕಿದರು. ಅದೇ ಹಾಡು, ಅದೇ ಜಾಗದಲ್ಲಿ ಅದೇ ಉಸಿರು. ದೀಪಕ್ ತಲೆ ತಗ್ಗಿಸಿ ಅಳಿಸಿದ. ಗ್ರೂಪಿನಲ್ಲಿ ಇನ್ನೂ ಇನ್ನೂರು ಜನರ ಬಳಿ ಇದೆಯೆಂದು ಮೆಲ್ಲಗೆ ಹೇಳಿದ.

ಈಗ ಕ್ಯಾಮೆರಾದವರು ಯಾರು ಹತ್ತಿದರೂ ಹುಚ್ಚಣ್ಣನವರು ಟಿಕೆಟ್ಟಿಗೆ ಮೊದಲು, "ಮೊಬೈಲಲ್ಲಿ ಹಕ್ಕಿ ಐತಾ?" ಎಂದು ಕೇಳುತ್ತಾರೆ, ಐತೆಂದರೆ ಸಿಳ್ಳೆ ಹಾಕಿ ತೋರಿಸಿ ಅಳಿಸಲು ಹೇಳುತ್ತಾರೆ. ಆ ಕಾಡಿಗೆ ಮಾತ್ರ ಹೋಗುವುದಿಲ್ಲ. ತಪ್ಪನ್ನು ನೆನೆದು ಮೌನವಾಗುವವರನ್ನು ಎಲ್ಲೆಲ್ಲೂ ಕಾಣುತ್ತೇವೆ. ಆ ಮೌನದ ನೆಮ್ಮದಿಯನ್ನೂ ಬಿಟ್ಟುಕೊಡಬಲ್ಲವರು ಎಲ್ಲೋ ಒಬ್ಬರು, ತುಂಬಿದ ಬಸ್ಸಿನ ನಡುವೆ ಕಂಬಿ ಹಿಡಿದು ನಿಂತಿರುತ್ತಾರೆ.