ನಡುಗಿದ ಚುಕ್ಕೆ

ನನ್ನ ಕೈ ನಡುಗುತ್ತಿದೆ ಎಂದು ನನಗೆ ಗೊತ್ತಾದದ್ದು ಬಂದೂಕು ಹಿಡಿದಾಗ. ಗಾಬರಿಯಾಗಬೇಡಿ, ಕಂಪ್ಯೂಟರಿನ ಬಂದೂಕು. ಐವತ್ತಾರು ವರ್ಷದ ಗಂಡಸು ಮಗಳ ಜೊತೆ ಕೂತು ಶೂಟಿಂಗ್ ಗೇಮ್ ಆಡುತ್ತಾನೆಂದರೆ ನಮ್ಮ ವಿಮಾನಪುರದಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಕತ್ತೆ ಬಾಲ.

ನಾನು ಅಂಜನಮೂರ್ತಿ, ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಕೂದಲೆಳೆಯಷ್ಟು ಲೋಹವನ್ನು ಅರದಿಂದ ಉಜ್ಜಿ ತೆಗೆಯುವುದು ನನ್ನ ಕೆಲಸ. ಅಪ್ಪ ದೊಡ್ಡಮುನಿಯಪ್ಪನೂ ಫಿಟ್ಟರೇ. ಐವತ್ತೆಂಟಕ್ಕೆ ಅವನ ಕೈ ನಡುಗಲು ಶುರುವಾಯಿತು. ಕೊನೆಕೊನೆಗೆ ಕಾಫಿ ಲೋಟವನ್ನೂ ಅಮ್ಮನೇ ಅವನ ಬಾಯಿಗೆ ಹಿಡಿಯಬೇಕಾಯಿತು. ಇದು ವಂಶದಲ್ಲಿ ಬರಬಹುದಾದ ಕಾಯಿಲೆ ಎಂದು ಡಾಕ್ಟರು ಆಗಲೇ ಹೇಳಿದ್ದರು.

ಮಗಳು ನಿಖಿತಾ ಆಡುವ ಗೇಮ್ ಸುಮ್ಮನೆ ಓಡಾಡಿಕೊಂಡು ಗುಂಡು ಹಾರಿಸುವಂಥದ್ದಲ್ಲ. ನಿಜದ ಬಂದೂಕಿನ ಹಾಗೆ ಉಸಿರು ಬಿಗಿಹಿಡಿದು ಗುರಿ ಇಡಬೇಕು. ಸ್ವಲ್ಪ ತಪ್ಪಿದರೂ ಎದುರಿನವನು ನಮ್ಮ ಕಥೆ ಮುಗಿಸುತ್ತಾನೆ. ಅದಕ್ಕೇ ಅವಳು ನನಗೆ ಪಾಠ ಮಾಡಿದ್ದಳು.

"ಅಪ್ಪಾ, ಮಣಿಕಟ್ಟಲ್ಲಿ ತಿರುಗಿಸ್ಬೇಡ, ಮೊಣಕೈಯಿಂದ ಎಳಿ. ಮೌಸ್ ಸ್ಪೀಡ್ ಕಮ್ಮಿ ಮಾಡಿದ್ದೀನಿ, ದಿನಾ ಅದನ್ನ ಚೇಂಜ್ ಮಾಡ್ತಾ ಕೂತ್ಕೋಬೇಡ. ಕೈಗೆ ಒಂದೇ ಅಳತೆ ಅಭ್ಯಾಸ ಆಗ್ಬೇಕು."

ಹೇಳಿದ್ದೆಲ್ಲ ಮಾಡಿದೆ, ಗುರಿಯೂ ಸುಧಾರಿಸಿತು. ಆದರೆ ನನ್ನದು ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವ ಜಾತಿ. ಮೂವತ್ತು ವರ್ಷ ಹಲಸೂರಿನ ಕ್ಲಬ್ಬಿನಲ್ಲಿ ಕೇರಂ ಆಡಿದವನು ನಾನು. ಸ್ಟ್ರೈಕರ್ ತಡವರಿಸಿತೆಂದರೆ ಬೋರ್ಡಿಗೆ ಪೌಡರ್ ಹಾಕಿಯೇ ಮುಂದಿನ ಮಾತು. ಮೌಸ್ ಪ್ಯಾಡಿಗೂ ಒಂದು ಚಿಟಿಕೆ ಉದುರಿಸಿದೆ. ಮೌಸ್ ಎಷ್ಟು ಚೆನ್ನಾಗಿ ಜಾರಿತೆಂದರೆ, ಯಾರಿಗೂ ಹೇಳದೆ ದಿನಾ ಉದುರಿಸುತ್ತಾ ಹೋದೆ.

ಅಷ್ಟರಲ್ಲಿ ನಿಖಿತಾಳಿಗೆ ಪರೀಕ್ಷೆ ಬಂತು, ಮೂರು ವಾರ ಅವಳು ಗೇಮ್ ಮುಟ್ಟಲಿಲ್ಲ. ನಾನೊಬ್ಬನೇ ಆಡುತ್ತಿದ್ದೆ. ಒಂದು ಸಂಜೆ ಗುರಿಯ ಚುಕ್ಕೆ ಪರದೆಯ ಮೇಲೆ ಸಣ್ಣಗೆ ನಡುಗಿತು. ಮರುದಿನ ಇನ್ನೂ ಜಾಸ್ತಿ. ಅಪ್ಪನ ಲೋಟ ಕಣ್ಣಮುಂದೆ ಬಂತು. ಅನುಮಾನ ಒಮ್ಮೆ ಹೊಕ್ಕಮೇಲೆ ಕೆಲಸದಲ್ಲೂ ಕೈ ಅಂಜಿತು. ಕಣ್ಣುನೋವೆಂದು ಸುಳ್ಳು ಹೇಳಿ ನಾಜೂಕಿನ ಕೆಲಸವನ್ನೆಲ್ಲ ಪಕ್ಕದ ಬೆಂಚಿನ ಮುನಿರಾಜನಿಗೆ ದಾಟಿಸಿದೆ. ಇಂದಿರಾನಗರದಲ್ಲಿ ನರರೋಗದ ಡಾಕ್ಟರೊಬ್ಬರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಹಿಂದಿನ ದಿನ ಭಾನುವಾರ. ಪರೀಕ್ಷೆ ಮುಗಿಸಿದ್ದ ನಿಖಿತಾ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಕುರ್ಚಿಯಲ್ಲಿ ತಾನು ಕೂತಳು. ಗುರಿ ಇಟ್ಟಳು. ಚುಕ್ಕೆ ನಡುಗಿತು. ಇನ್ನೊಮ್ಮೆ ಇಟ್ಟಳು, ಮತ್ತೆ ನಡುಗಿತು. ಮೌಸ್ ಬಿಟ್ಟು ಬಲಗೈಯನ್ನು ಮುಂದಕ್ಕೆ ಚಾಚಿ ನೋಡಿಕೊಂಡಳು. ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ, ತಾತಂಗೆ ಬಂದಿದ್ದು ನಂಗೂ ಬಂತಾ?"

ಅವಳ ಕೈಯನ್ನೇ ನೋಡಿದೆ. ಇಪ್ಪತ್ತು ವರ್ಷದ ಕೈ, ಒಂದಿಷ್ಟೂ ಅಲುಗದೆ ನಿಂತಿತ್ತು. ಪರದೆ ಕಡೆ ನೋಡಿದರೆ, ಮೌಸನ್ನು ಯಾರೂ ಮುಟ್ಟದಿದ್ದರೂ ಚುಕ್ಕೆ ನಡುಗುತ್ತಲೇ ಇತ್ತು.

ಕೆಲಸ ಕೆಟ್ಟರೆ ಮೊದಲು ಟೂಲ್ ನೋಡು, ಆಮೇಲೆ ಕೈ ನೋಡು ಎಂದು ಎಷ್ಟು ಅಪ್ರೆಂಟಿಸ್‌ಗಳಿಗೆ ಬೈದಿದ್ದೇನೋ ನಾನು. ಮೌಸನ್ನು ಮಗುಚಿದೆ. ಕೆಳಗೆ ಬೆಳಕು ಬರುವ ಕಿಂಡಿಯ ತುಂಬ ಬಿಳಿ ಪುಡಿ ಮೆತ್ತಿಕೊಂಡಿತ್ತು.

"ಇದೇನಪ್ಪಾ?"

"ಕೇರಂ ಪೌಡರ್ ಕಣಮ್ಮ."

"ಮೌಸ್‌ಗಾ?"

"ಚೆನ್ನಾಗಿ ಜಾರ್ಲಿ ಅಂತ."

ಕಡ್ಡಿಗೆ ಹತ್ತಿ ಸುತ್ತಿ ಅವಳು ಕಿಂಡಿ ಒರೆಸಿದಳು, ನಾನು ಪ್ಯಾಡ್ ತೊಳೆದು ಒಣಗಿಸಿ ತಂದೆ. ಚುಕ್ಕೆ ಇಟ್ಟ ಕಡೆ ನಿಂತಿತು. ಅವಳು ನಿಲ್ಲಿಸಿದರೂ ನಿಂತಿತು, ನಾನು ನಿಲ್ಲಿಸಿದರೂ ನಿಂತಿತು. ಹೋದ ಜೀವ ಬಂದಂತಾಯಿತು. ಇಬ್ಬರೂ ಬಿದ್ದುಬಿದ್ದು ನಕ್ಕೆವು, ನನಗೆ ನಗುವಿನ ನಡುವೆ ಅಳುವೂ ಬಂತು, ನಾಚಿಕೆಯಾಗಲಿಲ್ಲ. ಡಾಕ್ಟರ ವಿಷಯ, ಮುನಿರಾಜನ ವಿಷಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ನಿಖಿತಾ ನಗು ನಿಲ್ಲಿಸಿದಳು.

"ಇಷ್ಟು ದಿನ ಒಬ್ನೇ ಹೆದರ್ಕೊಂಡಿದ್ಯಾ? ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಿನ್ನ ಕೈ ನೋಡ್ಕೋತಿದ್ದೆ."